ಸೀಮೆಎಣ್ಣೆಯಿಂದ ಬೆಚ್ಚಗಾಗುವ ಬಾಡಿಗೆ ಮನೆ



ಈ ಹೊತ್ತು ನಾನು ನಿಮ್ಮೊಡನೆ ಸೀಮೆಎಣ್ಣೆಯ ವಿಚಾರ ಮಾತಾಡಬೇಕೆಂದಿದ್ದೇನೆ. ಗಡಿಯ ಈಚೆ ಇರುವ ನಮಗೆ ಇದಕ್ಕೆ ಹೆಸರು ಒಂದೆರಡಲ್ಲ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಇದು ಚಿಮಿಣಿ ಎಣ್ಣೆ, ಪಾಠಪುಸ್ತಕದಲ್ಲಿ ಸೀಮೆಎಣ್ಣೆ, ರೇಷನ್ ಅಂಗಡಿಗೆ ಹೋದರೆ ಮಣ್ಣೆಣ್ಣ. ಅಕ್ಕಲಕೋಟೆ, ಜತ್ತದ ಕಡೆಯವರು ರಾಕೆಲ್ ಎನ್ನುತ್ತಾರೆ. ಆದೋನಿ, ರಾಯದುರ್ಗದವರು ಕಿರಸನಾಯಿಲು ಎಂದರೆ ಬೇಗ ಗುರುತಿಸುತ್ತಾರೆ. ಹೆಸರು ಯಾವುದಾದರೇನು, ನೀಲಿ ಬಣ್ಣದ ಆ ಎಣ್ಣೆಗಾಗಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಮನೆಗೆ ಕರೆಂಟು ಬಂತು, ಗ್ಯಾಸು ಬಂತು, ನಾವು ಆ ಸಾಲನ್ನು ಮರೆತೆವು. ಆದರೆ ನಮ್ಮ ಮಕ್ಕಳು ಹೋಗಿ ಸೇರಿದ ಕೆಲವು ಚಳಿ ದೇಶಗಳಲ್ಲಿ ಅದೇ ಎಣ್ಣೆ ಅವರಿಗಾಗಿ ಕಾದು ಕುಳಿತಿದೆ.

ಕಾಸರಗೋಡು, ವಯನಾಡಿನ ಕಡೆ ಊರಿಗೊಬ್ಬರಾದರೂ ನರ್ಸಿಂಗ್ ಓದಿ ಹೊರದೇಶಕ್ಕೆ ಹೋದವರು ಸಿಗುತ್ತಾರೆ. ಮೊದಲು ಕೊಲ್ಲಿಗೆ ಹೋಗುತ್ತಿದ್ದರು, ಈಗ ಐರ್ಲೆಂಡಿಗೆ, ಬ್ರಿಟನ್ನಿಗೆ ಹೋಗುವವರೂ ಹೆಚ್ಚಾಗಿದ್ದಾರೆ. ನನ್ನ ಮಗಳೂ 2022ರಲ್ಲಿ ಉತ್ತರ ಐರ್ಲೆಂಡಿಗೆ ಹೋದಳು. ಟೈರೋನ್ ಎಂಬ ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿ ಕೆಲಸ. ಅಳಿಯ ಮತ್ತು ಮೂರು ವರ್ಷದ ಮೊಮ್ಮಗು ಹಿಂದಿನಿಂದ ಹೋಗಿ ಸೇರಿದರು. ಬಾಡಿಗೆ ಮನೆ ಹುಡುಕಿದರು. ಜಾಹೀರಾತಿನಲ್ಲಿ ಮೂರು ಮಲಗುವ ಕೋಣೆ, ಆಯಿಲ್ ಸೆಂಟ್ರಲ್ ಹೀಟಿಂಗ್ ಎಂದಿತ್ತು. ಇವರು ಅಡುಗೆಮನೆ ನೋಡಿದರು, ಬಸ್ಸು ಎಲ್ಲಿ ನಿಲ್ಲುತ್ತದೆಂದು ನೋಡಿದರು, ಬಾಡಿಗೆ ಎಷ್ಟೆಂದು ಕೇಳಿದರು, ಸಹಿ ಹಾಕಿದರು. ಹಿತ್ತಿಲಲ್ಲಿದ್ದ ಹಸಿರು ಟ್ಯಾಂಕಿಯತ್ತ ಯಾರೂ ತಿರುಗಿ ನೋಡಲಿಲ್ಲ.

ಡಿಸೆಂಬರಿನ ಒಂದು ಶುಕ್ರವಾರ ರಾತ್ರಿ ಮನೆಯೆಲ್ಲ ತಣ್ಣಗಾಯಿತು. ಟ್ಯಾಂಕಿ ಬರಿದಾಗಿತ್ತು. ಎಣ್ಣೆ ಲಾರಿ ಬರುವುದು ಮಂಗಳವಾರವೇ ಎಂದರು. ಅಳಿಯ ಪೆಟ್ರೋಲು ಬಂಕಿನಿಂದ 20 ಲೀಟರಿನ ಡಬ್ಬ ತಂದು ಸುರಿದ. ಆದರೂ ಬಾಯ್ಲರು ಹೊತ್ತಿಕೊಳ್ಳಲಿಲ್ಲ. ಏಕೆಂದು ಆಮೇಲೆ ಹೇಳುತ್ತೇನೆ. ಮೆಕ್ಯಾನಿಕ್ ಬಂದದ್ದು ಸೋಮವಾರ. ಮೂರು ರಾತ್ರಿ ಮಗುವನ್ನು ನಡುವೆ ಮಲಗಿಸಿಕೊಂಡು ಒಂದೇ ಕೋಣೆಯಲ್ಲಿ, ಒಂದೇ ಕರೆಂಟು ಹೀಟರಿನ ಎದುರು ಕಳೆದರು.

ಆ ಶನಿವಾರ ಮೊಬೈಲಿನಲ್ಲಿ ಮುಖ ನೋಡಿ ಮಾತಾಡುವಾಗ, ಮಗು ಹಾಸಿಗೆಯಲ್ಲೂ ಉಣ್ಣೆಯ ಟೊಪ್ಪಿ ಹಾಕಿಕೊಂಡದ್ದನ್ನು ನಾನು ಕಂಡೆ. ಕೇಳಿದೆ. "ಇಲ್ಲಿ ಎಲ್ಲರೂ ಹೀಗೇ ಅಪ್ಪ" ಎಂದಳು. ನಾನು ನಂಬಿದೆ. ನಿಜ ತಿಳಿದದ್ದು 2023ರ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದಾಗ. ಇನ್ನೊಂದು ವಿಷಯವೂ ಆಗಲೇ ಲೆಕ್ಕಕ್ಕೆ ಬಂತು. ಟ್ಯಾಂಕಿ ಬರಿದಾದ ಅದೇ ತಿಂಗಳು ಅವಳು ನಮ್ಮ ಅಡಿಕೆ ತೋಟದ ಪಂಪು ರಿಪೇರಿಗೆ ದುಡ್ಡು ಕಳಿಸಿದ್ದಳು. ಆ ದುಡ್ಡು ಅವಳ ಟ್ಯಾಂಕಿಗೆ ಹೋಗಬೇಕಿತ್ತು. ಇನ್ನೊಂದು ಮನೆಯಲ್ಲಿ ಹೀಗಾಗಬಾರದು, ಅದಕ್ಕಾಗಿ ಈ ಮಾತು.

ಮೊದಲು ಆ ಮನೆಯ ಏರ್ಪಾಡು ಹೇಗಿರುತ್ತದೆ ಕೇಳಿ. ನಮ್ಮ ಬಚ್ಚಲುಮನೆಯ ಹಂಡೆಯನ್ನು ಮನಸ್ಸಿಗೆ ತಂದುಕೊಳ್ಳಿ. ಕೆಳಗೆ ಅಡಿಕೆ ಸಿಪ್ಪೆಯ ಬೆಂಕಿ, ಮೇಲೆ ಬಿಸಿನೀರು. ಆ ಬಿಸಿನೀರನ್ನು ಕೊಳವೆಯಲ್ಲಿ ಕೋಣೆ ಕೋಣೆಗೂ ಓಡಿಸಿ, ಗೋಡೆಗೆ ಹಚ್ಚಿದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಹಾಯಿಸಿ, ಮತ್ತೆ ಹಂಡೆಗೇ ತಂದರೆ ಅದೇ ಸೆಂಟ್ರಲ್ ಹೀಟಿಂಗ್. ಹಂಡೆಗೆ ಅಲ್ಲಿ ಬಾಯ್ಲರ್ ಎಂದು ಹೆಸರು. ಸೌದೆಯ ಬದಲು ಸೀಮೆಎಣ್ಣೆ. ಸೌದೆ ಕೊಟ್ಟಿಗೆಯ ಬದಲು ಹಿತ್ತಿಲಿನ ಟ್ಯಾಂಕಿ. ಬೆಲ್‌ಫಾಸ್ಟಿಗೆ ಕಡಲಡಿಯ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬಂದದ್ದೇ 1996ರಲ್ಲಿ. ಹಳ್ಳಿಗಳ ಕಡೆ ಬಹಳ ಮನೆಗಳಿಗೆ ಆ ಕೊಳವೆ ಇನ್ನೂ ಮುಟ್ಟಿಲ್ಲ. ಆದ್ದರಿಂದಲೇ 2016ರ ಮನೆಗಳ ಸಮೀಕ್ಷೆಯಲ್ಲಿ ಉತ್ತರ ಐರ್ಲೆಂಡಿನ ಮೂರರಲ್ಲಿ ಎರಡರಷ್ಟು ಮನೆಗಳು ಎಣ್ಣೆಯಿಂದಲೇ ಬೆಚ್ಚಗಾಗುತ್ತಿದ್ದವು.

ಇಲ್ಲಿ ತಿಳಿಯಬೇಕಾದ ಮುಖ್ಯ ಮಾತು ಒಂದೇ. ಕರೆಂಟನ್ನು ನಾವು ಮೊದಲು ಉರಿಸಿ ಆಮೇಲೆ ಬಿಲ್ಲು ಕಟ್ಟುತ್ತೇವೆ. ಎಣ್ಣೆ ಹಾಗಲ್ಲ. ಮೊದಲು ದುಡ್ಡು, ಆಮೇಲೆ ಶಾಖ. ಬಾಡಿಗೆಯಲ್ಲಿ ಅದು ಸೇರಿಲ್ಲ. ಟ್ಯಾಂಕಿ ಬರಿದಾಗುತ್ತಿದೆ ಎಂದು ಬಾಗಿಲು ತಟ್ಟಿ ಹೇಳುವವರೂ ಇಲ್ಲ. ಗದ್ದೆ ಕೊಳ್ಳುವವನು ಬಾವಿಯ ನೀರು ನೋಡಿಯೇ ಮುಂದಿನ ಮಾತಾಡುತ್ತಾನಲ್ಲವೇ? ಹಾಗೆ ಈ ಮನೆಗಳಲ್ಲಿ ಟ್ಯಾಂಕಿ ನೋಡಿ ಮಾತಾಡಬೇಕು.

ಏನೇನು ನೋಡಬೇಕು? ಒಂದೊಂದಾಗಿ ಹೇಳುತ್ತೇನೆ, ಮಕ್ಕಳಿಗೆ ಹೇಳಲು ಬೇಕಾದವರು ಬರೆದುಕೊಳ್ಳಿ.

ಮೊದಲನೆಯದು ಟ್ಯಾಂಕಿ. ಪ್ಲಾಸ್ಟಿಕ್ಕಿನದಾದರೆ ಸುತ್ತ ನಡೆದು ಬಿರುಕು, ಉಬ್ಬು, ವಾಲು ಇದೆಯೇ ನೋಡಬೇಕು. ಕಬ್ಬಿಣದ್ದಾದರೆ ತುಕ್ಕು. ಕೆಳಗಿನ ನೆಲದಲ್ಲಿ ಎಣ್ಣೆಯ ವಾಸನೆ, ಸುತ್ತ ಹುಲ್ಲು ಸತ್ತ ಗುರುತು ಇದ್ದರೆ ಸೋರಿಕೆ ಇದೆಯೆಂದು ಸಂಶಯಿಸಬೇಕು. ಒಂದರೊಳಗೊಂದು ಎರಡು ಗೋಡೆಯ ಟ್ಯಾಂಕಿಗಳಿವೆ, ಅವು ಹೆಚ್ಚು ಕ್ಷೇಮ. ಸೋರಿದ ಎಣ್ಣೆ ಮಣ್ಣಿಗೂ ಬಾವಿಗೂ ಇಳಿದರೆ ಶುದ್ಧ ಮಾಡುವ ಖರ್ಚು ಎಣ್ಣೆಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಏನಾದರೂ ಕಂಡರೆ ಮನೆ ಮಾಲೀಕನಿಗೆ ಆಗಲೇ ಬರೆದು ತಿಳಿಸಬೇಕು. ಬಾಯಿಮಾತು ಸಾಲದು.

ಎರಡನೆಯದು, ಒಳಗೆ ಎಣ್ಣೆ ಎಷ್ಟಿದೆ ಎಂಬ ಲೆಕ್ಕ. ಸಾಮಾನ್ಯ ಮನೆಯ ಟ್ಯಾಂಕಿ ಸುಮಾರು 1000 ಲೀಟರಿನದು. ಬದಿಯಲ್ಲಿ ಗಾಜಿನಂಥ ಕೊಳವೆಯೋ ಮೇಲೆ ಒಂದು ಮಾಪಕವೋ ಇರುತ್ತದೆ. ಇಲ್ಲದಿದ್ದರೆ ಒಣ ಕೋಲನ್ನು ತಳದವರೆಗೆ ಇಳಿಸಿ ಒದ್ದೆಯಾದ ಭಾಗ ಅಳೆದರಾಯಿತು. ಚೌಕನೆಯ ಟ್ಯಾಂಕಿಯಾದರೆ ಲೆಕ್ಕ ಸುಲಭ. ಉದ್ದ 120 ಸೆಂಟಿಮೀಟರು, ಅಗಲ 80 ಎಂದಿಟ್ಟುಕೊಳ್ಳಿ. ಗುಣಿಸಿ 1000ದಿಂದ ಭಾಗಿಸಿ. 9.6 ಬರುತ್ತದೆ. ಅಂದರೆ ಒಂದು ಸೆಂಟಿಮೀಟರು ಎತ್ತರಕ್ಕೆ ಹತ್ತಿರ ಹತ್ತಿರ 10 ಲೀಟರು. ತಳದ ಕೆಲವು ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿಯಬಾರದು. ಅಲ್ಲಿ ನೀರು, ಗಸಿ ಕೂತಿರುತ್ತದೆ.

ಮನೆಗೆ ಬಂದ ದಿನ ಎಷ್ಟು ಎಣ್ಣೆ ಇತ್ತೆಂದು ಕರಾರಿನ ಸಾಮಾನು ಪಟ್ಟಿಯಲ್ಲಿ ಬರೆಸಬೇಕು, ಮಾಪಕದ ಫೋಟೋ ತೆಗೆದಿಡಬೇಕು. ಇದ್ದ ಎಣ್ಣೆ ಯಾರದು? ಹಳೆಯ ಬಾಡಿಗೆಯವರದೋ, ಮಾಲೀಕನದೋ, ನಿಮ್ಮದೋ? ಮನೆ ಬಿಡುವಾಗ ಅಷ್ಟನ್ನೇ ತುಂಬಿಸಿ ಕೊಡಬೇಕೇ? ಹೆಚ್ಚು ಉಳಿದರೆ ದುಡ್ಡು ಮರಳಿ ಸಿಗುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಸಹಿಗೆ ಮೊದಲು ಕೇಳದಿದ್ದರೆ ಕೊನೆಗೆ ಠೇವಣಿಯಲ್ಲಿ ಜಗಳ ಬರುತ್ತದೆ. ಠೇವಣಿಯ ಬಗ್ಗೆಯೂ ಒಂದು ಮಾತು. 2023ರ ಏಪ್ರಿಲಿನಿಂದ ಉತ್ತರ ಐರ್ಲೆಂಡಿನಲ್ಲಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಆ ಹಣವನ್ನು ಮಾನ್ಯತೆ ಪಡೆದ ಠೇವಣಿ ರಕ್ಷಣಾ ಯೋಜನೆಯೊಂದಕ್ಕೆ ಒಪ್ಪಿಸಬೇಕು. ನಗದು ಕೊಟ್ಟರೆ ರಶೀದಿ ಪಡೆಯಲೇಬೇಕು.

ಮೂರನೆಯದು ಬಾಯ್ಲರು. ಅದರ ಮೇಲೋ ಪಕ್ಕದಲ್ಲೋ ಸರ್ವಿಸ್ ಮಾಡಿದ ತಾರೀಕಿನ ಚೀಟಿ ಇರುತ್ತದೆ. ವರ್ಷಕ್ಕೊಮ್ಮೆ ಆಗಿರಬೇಕು. ಗ್ಯಾಸಿನ ಬಾಡಿಗೆ ಮನೆಗಳಿಗೆ ವಾರ್ಷಿಕ ಪರೀಕ್ಷೆ ಕಾನೂನಿನಿಂದಲೇ ಕಡ್ಡಾಯ. ಎಣ್ಣೆಯ ಮನೆಗೆ ಅಂಥ ವಾರ್ಷಿಕ ಕಡ್ಡಾಯ ಇಲ್ಲ. ಇದನ್ನು ಹೆಚ್ಚಿನವರು ಅರಿಯರು. ಆದ್ದರಿಂದ ಸರ್ವಿಸ್ ಯಾರು ಮಾಡಿಸುತ್ತಾರೆ, ಖರ್ಚು ಯಾರದು, ಕೆಟ್ಟರೆ ಯಾರಿಗೆ ಫೋನು ಮಾಡಬೇಕು ಎಂದು ಕರಾರಿನಲ್ಲಿ ಕಾಣಿಸಬೇಕು. ಅಲ್ಲಿ ಎಣ್ಣೆ ಕೆಲಸದ ಮೆಕ್ಯಾನಿಕರಿಗೆ ಆಫ್‌ಟೆಕ್ ಎಂಬ ನೋಂದಣಿ ಇದೆ. ಅದು ಉಳ್ಳವರನ್ನೇ ಕರೆಸಲು ಕೇಳಿಕೊಳ್ಳಿ.

ಬಾಯ್ಲರು ಎಷ್ಟು ಹಳೆಯದೆಂದೂ ಕೇಳಬೇಕು. ಒಂದು ಲೀಟರು ಸೀಮೆಎಣ್ಣೆಯಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಾಖ ಇದೆ. ಹೊಸ ತರಹದ ಬಾಯ್ಲರು ಅದರಲ್ಲಿ ಸುಮಾರು 9ನ್ನು ಮನೆಗೆ ಕೊಡುತ್ತದೆ. ಹಳೆಯದು 7 ಕೊಟ್ಟರೆ ಹೆಚ್ಚು. ಉಳಿದದ್ದು ಹೊಗೆಗೊಳವೆಯಲ್ಲಿ ಆಕಾಶಕ್ಕೆ. ಹದ ತಪ್ಪಿದ ಒಲೆಗೆ ಎಷ್ಟು ಸೌದೆ ಹಾಕಿದರೂ ಗಂಜಿ ಬೇಯದು ಎಂಬುದು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ನಾಲ್ಕನೆಯದು ಮನೆಯೇ. ಗೋಡೆ, ಮಾಡು, ಕಿಟಕಿ ಶಾಖವನ್ನು ಎಷ್ಟು ಹಿಡಿದಿಡುತ್ತವೆ ಎಂದು ಅಳೆದು ಅಲ್ಲಿ ಮನೆಗೆ ದರ್ಜೆ ಕೊಡುತ್ತಾರೆ. ಎ ಉತ್ತಮ, ಜಿ ಕನಿಷ್ಠ. ಆ ಪತ್ರ ತೋರಿಸಿ ಎಂದು ಕೇಳುವುದು ತಪ್ಪಲ್ಲ. ಬಾಡಿಗೆ ಕಡಿಮೆ ಎಂದು ಕೆಳದರ್ಜೆಯ ಮನೆ ಹಿಡಿದರೆ, ಬಾಡಿಗೆಯಲ್ಲಿ ಉಳಿದದ್ದು ಟ್ಯಾಂಕಿಯಲ್ಲಿ ಹೋಗುತ್ತದೆ. ಕೋಣೆ ಕೋಣೆಯ ಹೀಟರಿಗೆ ತಿರುಗಣೆ ಇದೆಯೇ, ಗಂಟೆ ಹೊಂದಿಸುವ ಗಡಿಯಾರ ಇದೆಯೇ, ಬೇಸಗೆಯಲ್ಲಿ ಬರೀ ಸ್ನಾನದ ನೀರನ್ನು ಮಾತ್ರ ಕಾಯಿಸಲು ಆಗುತ್ತದೆಯೇ, ಇವನ್ನು ಮಾಲೀಕನ ಎದುರೇ ಒಮ್ಮೆ ಹಚ್ಚಿ ನೋಡಬೇಕು. ಮನೆ ನೋಡಲು ಹೋದ ದಿನ ಟ್ಯಾಂಕಿ ಬರಿದೆಂದು ಹಚ್ಚದೆ ಕಳಿಸಿದರೆ, "ಹಚ್ಚಿ ತೋರಿಸಿದ ಮೇಲೆ ಸಹಿ" ಎನ್ನಬೇಕು.

ಐದನೆಯದು, ಎಣ್ಣೆ ಕೊಳ್ಳುವ ಬಗೆ. ಅಲ್ಲಿ ಮನೆಗೆ ಉರಿಸುವ ಸೀಮೆಎಣ್ಣೆಯನ್ನು 28 ಸೆಕೆಂಡಿನ ಎಣ್ಣೆ ಎಂದೂ ಕರೆಯುತ್ತಾರೆ. ಗೊತ್ತಾದ ಅಳತೆಯ ಎಣ್ಣೆ ಒಂದು ಸಣ್ಣ ತೂತಿನಿಂದ ಹರಿಯಲು ಹಿಡಿಯುವ ಹೊತ್ತು ಅದು. ಕೆಲವು ಹಳೆಯ ಬಾಯ್ಲರುಗಳಿಗೆ 35 ಸೆಕೆಂಡಿನ ದಪ್ಪ ಎಣ್ಣೆ ಬೇಕು. ಯಾವುದು ಎಂದು ಮಾಲೀಕನಿಂದ ತಿಳಿದೇ ತರಿಸಬೇಕು. ಲಾರಿಯವರು 300, 500, 900 ಲೀಟರು ಹೀಗೆ ಮಾರುತ್ತಾರೆ. ಹೆಚ್ಚು ಕೊಂಡರೆ ಲೀಟರಿಗೆ ಅಗ್ಗ. ಬಂಕಿನ 20 ಲೀಟರಿನ ಡಬ್ಬ ಎಲ್ಲಕ್ಕಿಂತ ದುಬಾರಿ. ಕೈಯಲ್ಲಿ ಕಾಸು ಕಡಿಮೆ ಇದ್ದವನಿಗೇ ಹೆಚ್ಚು ಬೆಲೆ, ಇದು ಎಲ್ಲ ಊರಿನ ಕತೆ.

ಬೆಲೆಗೆ ಕಟ್ಟುಪಾಡು ಇಲ್ಲ. 2020ರಲ್ಲಿ ಕುಸಿಯಿತು, ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಮಾರ್ಚಿನಲ್ಲಿ ಹಾರಿತು. ಆದ್ದರಿಂದ ಮೂರು ನಾಲ್ಕು ಕಡೆ ವಿಚಾರಿಸಿ ಕೊಳ್ಳಬೇಕು. ನೆರೆಹೊರೆಯವರು ಒಟ್ಟಾಗಿ ಕೊಳ್ಳುವ ಎಣ್ಣೆ ಕ್ಲಬ್ಬುಗಳಿವೆ. ಅಲ್ಲಿನ ಅನೇಕ ಸ್ಥಳೀಯ ಕೌನ್ಸಿಲುಗಳು 5 ಪೌಂಡಿನ ಎಣ್ಣೆ ಸ್ಟಾಂಪುಗಳನ್ನು ಅಂಗಡಿಗಳಲ್ಲಿ ಮಾರುವ ಏರ್ಪಾಡು ಮಾಡಿವೆ. ವಾರಕ್ಕೊಂದೆರಡು ಕೊಂಡು ಪುಸ್ತಕಕ್ಕೆ ಅಂಟಿಸಿಕೊಂಡರೆ ಚಳಿಗಾಲದ ಹೊತ್ತಿಗೆ ಒಂದು ಮೊತ್ತವಾಗುತ್ತದೆ. ನಮ್ಮ ಕುಟುಂಬಶ್ರೀಯ ವಾರದ ಉಳಿತಾಯದಂತೆಯೇ.

ಮಳೆಗಾಲ ಹಿಡಿಯುವ ಮೊದಲೇ ನಾವು ಸೌದೆ ಕೊಟ್ಟಿಗೆ ತುಂಬಿಸುತ್ತೇವೆ. ಆಟಿ ತಿಂಗಳಲ್ಲಿ ಕಟ್ಟಿಗೆ ಹುಡುಕಿಕೊಂಡು ಹೋದವನನ್ನು ಊರೇ ನಗುತ್ತದೆ. ಅಲ್ಲಿಯೂ ಚಳಿಗಾಲ ಕೂರುವ ಮೊದಲೇ ಟ್ಯಾಂಕಿ ತುಂಬಿಸಿಟ್ಟವನಿಗೆ ನೆಮ್ಮದಿ. ಡಿಸೆಂಬರಿನಲ್ಲಿ ಎಲ್ಲರೂ ಲಾರಿಗೆ ಫೋನು ಮಾಡುತ್ತಾರೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗಬಾರದು.

ತಿಂಗಳಿಗೆ ಎಷ್ಟು ಬೇಕು? ಒಂದು ಅಂದಾಜು ಕೊಡುತ್ತೇನೆ. 20 ಕಿಲೋವ್ಯಾಟ್ ಬಾಯ್ಲರು ನಿಲ್ಲದೆ ಉರಿದರೆ ಗಂಟೆಗೆ 2 ಲೀಟರಿಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ 5 ಗಂಟೆ ಉರಿಸಿದರೆ 300 ಲೀಟರು ಒಂದು ತಿಂಗಳಿಗೆ ಮುಗಿಯುತ್ತದೆ. ಬೇಕಾದಷ್ಟು ಬಿಸಿಯಾದ ಮೇಲೆ ಬಾಯ್ಲರು ತಾನೇ ನಿಲ್ಲುವುದರಿಂದ ನಿಜದ ಖರ್ಚು ಇದಕ್ಕಿಂತ ಕಡಿಮೆ ಇರಬಹುದು. ವಾರಕ್ಕೊಮ್ಮೆ ಒಂದೇ ದಿನ ಟ್ಯಾಂಕಿ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಆ ಮನೆಯ ಲೆಕ್ಕ ಒಂದೇ ತಿಂಗಳಲ್ಲಿ ತಿಳಿಯುತ್ತದೆ. ಕಾಲು ಟ್ಯಾಂಕಿ ಉಳಿದಾಗಲೇ ಆರ್ಡರು ಕೊಡಬೇಕು.

ಬರಿದಾದರೆ ಏನಾಗುತ್ತದೆ? ತಳದ ಗಸಿ ಕೊಳವೆಗೆ ಬರುತ್ತದೆ, ಗಾಳಿ ಸೇರಿಕೊಳ್ಳುತ್ತದೆ. ಬಾವಿ ಪಂಪು ಗಾಳಿ ಹಿಡಿದರೆ ನೀರೆತ್ತದಲ್ಲ, ಹಾಗೆಯೇ. ಹೊಸ ಎಣ್ಣೆ ಸುರಿದರೂ ಆ ಗಾಳಿ ಬಿಡಿಸದೆ ಬಾಯ್ಲರು ಹೊತ್ತದು. ನನ್ನ ಅಳಿಯ ಸೋತದ್ದು ಇಲ್ಲಿ. ಕೆಂಪು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದೂ ತಪ್ಪು. ಒಮ್ಮೆ ಒತ್ತಿ, ಮತ್ತೆ ನಿಂತರೆ ಮೆಕ್ಯಾನಿಕನನ್ನು ಕರೆಯಬೇಕು.

ಆರನೆಯದು ಜೀವಕ್ಕೆ ಸಂಬಂಧಿಸಿದ್ದು. ಸರಿಯಾಗಿ ಉರಿಯದ ಯಾವ ಬೆಂಕಿಯಿಂದಲೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೀಲಗಿರಿಯ ಕಡೆಯ ಕೇಳುಗರಿಗೆ ಇದು ಗೊತ್ತು, ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಿದವರು ಏಳದೇ ಹೋದದ್ದುಂಟು. ಉತ್ತರ ಐರ್ಲೆಂಡಿನ ಬಾಡಿಗೆ ಮನೆಗಳಲ್ಲಿ ಹೊಗೆಯ ಎಚ್ಚರಿಕೆ ಗಂಟೆ ಮತ್ತು ಈ ಅನಿಲದ ಎಚ್ಚರಿಕೆ ಗಂಟೆ ಹಾಕಿಸುವುದು 2024ರಿಂದ ಮಾಲೀಕನ ಕರ್ತವ್ಯ. ಇದೆಯೇ ನೋಡಿ, ಗುಂಡಿ ಒತ್ತಿ ಕೂಗಿಸಿ. ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಂತಿ ಬಂದು ಹೊರಗೆ ಹೋದರೆ ಕಡಿಮೆಯಾದರೆ, ಅದು ಜ್ವರವಲ್ಲ. ಹೀಟಿಂಗ್ ನಿಲ್ಲಿಸಿ, ಕಿಟಕಿ ತೆರೆದು, ಹೊರಗೆ ಬಂದು ವೈದ್ಯರಿಗೆ ತಿಳಿಸಬೇಕು.

ಇನ್ನೆರಡು ಸಣ್ಣ ಮಾತು. ಕುಚ್ಚಲಕ್ಕಿ ಬೇಯಿಸುವ ಆವಿ, ಒಳಗೆ ಒಣಗಿಸಿದ ಬಟ್ಟೆ, ಮುಚ್ಚಿದ ಕಿಟಕಿ, ಇವೆಲ್ಲ ಸೇರಿ ಗೋಡೆಗೆ ಕಪ್ಪು ಬೂಷ್ಟು ಬರುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು ಗಾಳಿ ಬಿಡಬೇಕು. ಬಂದಾಗಲೇ ಗೋಡೆಯಲ್ಲಿದ್ದ ಬೂಷ್ಟಿಗೆ ಫೋಟೋ ಇಟ್ಟುಕೊಳ್ಳಬೇಕು. ಮತ್ತೆ, ಚಳಿಗಾಲದ ರಜೆಗೆ ಊರಿಗೆ ಬರುವವರು ಹೀಟಿಂಗನ್ನು ಪೂರ್ತಿ ಆರಿಸಿ ಬರಬಾರದು. ಕೊಳವೆಯ ನೀರು ಹೆಪ್ಪುಗಟ್ಟಿ ಒಡೆದರೆ ಮನೆ ಕೆರೆಯಾಗುತ್ತದೆ. ಸಣ್ಣ ಉರಿಯಲ್ಲಿ ಇಟ್ಟು, ಅಷ್ಟು ದಿನಕ್ಕೆ ಸಾಲುವ ಎಣ್ಣೆ ಇದೆಯೇ ನೋಡಿ ಹೊರಡಬೇಕು.

ಮನೆಯೊಳಗೆ 18 ಡಿಗ್ರಿಯಾದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಸಣ್ಣ ಮಕ್ಕಳಿಗೆ, ಮುದುಕರಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕಾದೀತು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಏಳುವುದು ಎಂಟೂವರೆಯ ಮೇಲೆ, ಮುಳುಗುವುದು ನಾಲ್ಕಕ್ಕೆ. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಗೆ ಬೆಳಕೂ ಇಲ್ಲ, ಮನೆಯಲ್ಲಿ ಬಿಸಿಯೂ ಇಲ್ಲವೆಂದರೆ ಹೇಗೆ?

ಕೇಳುಗರೇ, ನೀವು ಅಲ್ಲಿ ಹೋಗಿ ಟ್ಯಾಂಕಿ ಅಳೆಯಲಾರಿರಿ. ಆದರೆ ಕೇಳಬಲ್ಲಿರಿ. ಮಕ್ಕಳು ತಮ್ಮ ಕಷ್ಟ ಹೇಳುವುದಿಲ್ಲ. ಸಾಲ ಮಾಡಿ ಕಳಿಸಿದ್ದೀರಿ ಎಂಬ ಭಾರ ಅವರಿಗೆ. ಊರಿಗೆ ದುಡ್ಡು ತಪ್ಪಬಾರದೆಂದು ತಮ್ಮ ಒಲೆ ಆರಿಸಿಕೊಳ್ಳುತ್ತಾರೆ. ನಾವು ಫೋನಿನಲ್ಲಿ ಮೊದಲು ಕೇಳುವುದು "ಊಟ ಆಯಿತೇ?" ಎಂದು. ಚಳಿಗಾಲದಲ್ಲಿ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ. "ಟ್ಯಾಂಕಿಯಲ್ಲಿ ಎಣ್ಣೆ ಎಷ್ಟಿದೆ?" ಕಾಲಿಗಿಂತ ಕಡಿಮೆ ಎಂದರೆ, "ಈ ತಿಂಗಳು ನಮಗೆ ಕಳಿಸುವುದು ಬೇಡ, ಮೊದಲು ಅದನ್ನು ತುಂಬಿಸು" ಎನ್ನಿ.

ಹೋದ ಡಿಸೆಂಬರಿನಲ್ಲಿ ನಾನು ಹಾಗೆ ಕೇಳಿದೆ. ಮಗಳು ಉತ್ತರ ಕೊಡಲಿಲ್ಲ, ಫೋನನ್ನು ಮಗುವಿಗೆ ಕೊಟ್ಟಳು. ಮಗು ಹಿತ್ತಿಲಿಗೆ ಓಡಿ ಮಾಪಕದ ಮುಂದೆ ನಿಂತು, "ಅಜ್ಜ, ಅರ್ಧಕ್ಕಿಂತ ಮೇಲೆ ಇದೆ" ಎಂದಿತು. ತಲೆಯಲ್ಲಿ ಟೊಪ್ಪಿ ಇತ್ತು. ಅದು ಹೊರಗೆ ಹೋಗಲು ಹಾಕಿದ ಟೊಪ್ಪಿ.